ನಿನಗೆ ಗೊತ್ತಿರಲಿಲ್ಲವೇ?

ನಮ್ಮ ಅಜ್ಜಿ ಮಾರಿಹೋದ ತೋಟದ ಲೆಕ್ಕವನ್ನು ಒಂದೂವರೆ ವರ್ಷ ಇಟ್ಟಿದ್ದರು.

ಸಾಗರದ ಹತ್ತಿರದ ನಮ್ಮ ಊರಿನಲ್ಲಿ ಹೊಳೆಯಾಚೆಗೆ ಅರ್ಧ ಎಕರೆ ಅಡಿಕೆ ತೋಟವಿತ್ತು. ಅಜ್ಜಯ್ಯ ಅದನ್ನು ಯಾವುದೋ ಸಾಲಕ್ಕಾಗಿ ಮಾರಿದರು. ಪತ್ರವಾಯಿತು, ಹಣ ಬಂತು, ಸಾಲ ತೀರಿತು. ದೊಡ್ಡಪ್ಪನಿಗೆ ಗೊತ್ತಿತ್ತು, ಪಕ್ಕದ ಮನೆಯವರಿಗೆ ಗೊತ್ತಿತ್ತು, ಕೊನೆ ಇಳಿಸಲು ಬರುತ್ತಿದ್ದ ಆಳಿಗೂ ಗೊತ್ತಿತ್ತು. ಅಜ್ಜಿಗೆ ಮಾತ್ರ ಯಾರೂ ಹೇಳಲಿಲ್ಲ. ಅವರು ಅಡುಗೆಮನೆಯ ಗೋಡೆಯ ಮೇಲೆ ಮಸಿಯಿಂದ ಗೀಟು ಎಳೆಯುತ್ತಾ, ಆ ತೋಟದಿಂದ ಈ ಸಲ ಇಷ್ಟು ಬರುತ್ತದೆ, ಅದರಲ್ಲಿ ಚಿಕ್ಕ ಮಗಳ ಮದುವೆಗೆ ಇಷ್ಟು ತೆಗೆದಿಡಬಹುದು ಎಂದು ಲೆಕ್ಕ ಹಾಕುತ್ತಲೇ ಇದ್ದರು. ಕಡೆಗೆ ವಿಷಯ ಹೊರಬಿದ್ದಾಗ ಅಜ್ಜಯ್ಯ ಕೇಳಿದ್ದು ಒಂದೇ ಮಾತು: "ಅಲ್ಲ, ನಿಂಗೆ ಗೊತ್ತಿರ್ಲಿಲ್ವಾ?"

ಆ ಪ್ರಶ್ನೆಯನ್ನು ಗಮನಿಸಿ. ಹೇಳದೇ ಇದ್ದವರ ತಪ್ಪು ಅದರಲ್ಲಿ ಎಲ್ಲಿಯೂ ಇಲ್ಲ. ತಿಳಿಯದೇ ಇದ್ದವಳ ತಪ್ಪು ಮಾತ್ರ ಇದೆ. ಈ ಪ್ರಶ್ನೆಯನ್ನು ನಾವು ಹೆಂಗಸರು ಎಷ್ಟು ಸಲ ಕೇಳಿಸಿಕೊಂಡಿಲ್ಲ! ವರ್ಗಾವಣೆಯ ಸುದ್ದಿ, ಗಂಡನ ಕಚೇರಿಯ ಸಾಲದ ಸುದ್ದಿ, ನಾಳೆ ಹತ್ತು ಜನ ಊಟಕ್ಕೆ ಬರುತ್ತಾರೆಂಬ ಸುದ್ದಿ, ಎಲ್ಲವೂ ಎಲ್ಲರಿಗೂ ತಿಳಿದ ಮೇಲೆ ನಮಗೆ. ಆಮೇಲೆ ಈ ಪ್ರಶ್ನೆ.

ನಾನು ಇದನ್ನು ಇಂದು ಬರೆಯಹೊರಟಿರುವುದು ಅಜ್ಜಿಗಾಗಿ ಅಲ್ಲ. ಇದೇ ತಪ್ಪನ್ನು ನಾನೇ ಮಾಡಿದೆ, ಅದಕ್ಕಾಗಿ. ನಾನು ಮೈಸೂರಿನಲ್ಲಿ ಕುಳಿತು ಐಫೋನು, ಐಪ್ಯಾಡುಗಳಿಗೆ ಪ್ರೋಗ್ರಾಂ ಬರೆಯುವವಳು. ನನ್ನ ಹೊಟ್ಟೆಪಾಡಿನ ಭಾಷೆಯ ಹೆಸರು ಸ್ವಿಫ್ಟ್. 2014ರಲ್ಲಿ ಆ್ಯಪಲ್ ಕಂಪನಿ ಹೊರತಂದ ಭಾಷೆ ಅದು. ಮಕ್ಕಳು ಹೈಸ್ಕೂಲಿಗೆ ಹೋದ ಮೇಲೆ, ಬಿಟ್ಟಿದ್ದ ಕೆಲಸಕ್ಕೆ ಮತ್ತೆ ಸೇರುವಾಗ ನಾನು ಅದನ್ನು ಕಲಿತೆ. "ಇವಳಿಗೆ ಈ ವಯಸ್ಸಿನಲ್ಲಿ ಏಕೆ" ಎಂದವರಿಗೆ ಉತ್ತರ ಕೊಡಬೇಕೆಂಬ ಹಟವೂ ಸ್ವಲ್ಪ ಇತ್ತು. ಕಂಪ್ಯೂಟರಿನ ಮಾತು ಬಂತೆಂದು ಪುಟ ಮಗುಚಬೇಡಿ. ಇದು ನಿಮ್ಮ ಕೈಯಲ್ಲಿರುವ ಫೋನಿನ ವಿಷಯ. ಅದರ ಪರದೆ ನಿಮಗೆ ಸತ್ಯ ಹೇಳುತ್ತಿದೆಯೇ ಎಂಬ ವಿಷಯ.

2023ರ ಮಳೆಗಾಲ. ಒಂದು ಖಾಸಗಿ ಆಸ್ಪತ್ರೆಗೆ ನಾವು ಒಂದು ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಯಾವ ರೋಗಿಗೆ ಯಾವ ಔಷಧ, ಎಷ್ಟು ಗಂಟೆಗೆ, ಕೊಟ್ಟಾಯಿತೇ ಇಲ್ಲವೇ ಎಂದು ನರ್ಸುಗಳು ಐಪ್ಯಾಡಿನಲ್ಲಿ ಗುರುತು ಹಾಕುವುದು. ವಾರ್ಡಿಗೆ ಎರಡು ಮೂರು ಐಪ್ಯಾಡು. ಒಂದರಲ್ಲಿ ಹಾಕಿದ ಗುರುತು ಉಳಿದವುಗಳಲ್ಲೂ ಕಾಣಬೇಕು.

ಒಂದು ಸಂಜೆ ಡ್ಯೂಟಿ ಬದಲಾಗುವ ಗಡಿಬಿಡಿಯಲ್ಲಿ ಒಬ್ಬ ನರ್ಸು ವಯಸ್ಸಾದ ರೋಗಿಯೊಬ್ಬರಿಗೆ ಊಟಕ್ಕೆ ಮುಂಚಿನ ಇನ್ಸುಲಿನ್ ಕೊಟ್ಟು, ತನ್ನ ಐಪ್ಯಾಡಿನಲ್ಲಿ ಗುರುತು ಹಾಕಿ ಹೋದಳು. ಹತ್ತು ನಿಮಿಷದ ನಂತರ ಇನ್ನೊಬ್ಬಳು ತನ್ನ ಐಪ್ಯಾಡು ನೋಡಿದಳು. ಅಲ್ಲಿ "ಕೊಟ್ಟಿಲ್ಲ" ಎಂದೇ ಇತ್ತು. ಸಿರಿಂಜು ಸಿದ್ಧಮಾಡಿಕೊಂಡು ಹಾಸಿಗೆಯ ಬಳಿಗೆ ಹೋದಳು. ಪಕ್ಕದಲ್ಲಿ ಕುಳಿತಿದ್ದ ರೋಗಿಯ ಮಗಳು, "ಸಿಸ್ಟರ್, ಈಗಷ್ಟೇ ಇನ್ನೊಬ್ರು ಕೊಟ್ಟು ಹೋದ್ರಲ್ಲ?" ಎಂದಳು. ಎರಡನೆಯ ಸೂಜಿ ಅಲ್ಲಿಗೆ ನಿಂತಿತು. ಇನ್ಸುಲಿನ್ ಎರಡು ಸಲ ಬಿದ್ದರೆ ಏನಾಗುತ್ತದೆಂದು, ಮನೆಯಲ್ಲಿ ಸಕ್ಕರೆ ಕಾಯಿಲೆಯವರಿರುವ ಯಾರಿಗೂ ನಾನು ಹೇಳಬೇಕಾಗಿಲ್ಲ.

ಆ ನರ್ಸು ನಡೆದದ್ದನ್ನು ತಾನೇ ಹೋಗಿ ಮೇಲಿನವರಿಗೆ ತಿಳಿಸಿದಳು. ಮುಚ್ಚಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪ್ರಾಮಾಣಿಕತೆಗೆ ಸಿಕ್ಕ ಬಹುಮಾನ ಒಂದು ಮೆಮೊ: ಪರದೆಯನ್ನು ಸರಿಯಾಗಿ ನೋಡದೆ ಕರ್ತವ್ಯಲೋಪ ಮಾಡಿದ್ದೀರಿ ಎಂದು. ನಮ್ಮ ಕಚೇರಿಗೂ ದೂರು ಬಂತು. ನಮ್ಮ ಹಿರಿಯರು ಒಂದು ನಿಮಿಷದಲ್ಲಿ ತೀರ್ಪು ಕೊಟ್ಟರು: "ಯೂಸರ್ ಎರರ್. ಪೇಜ್ ರಿಫ್ರೆಶ್ ಮಾಡ್ಬೇಕು ಅಂತ ಅವಳಿಗೆ ಗೊತ್ತಿರಲಿಲ್ವಾ?"

ಮತ್ತೆ ಅದೇ ಪ್ರಶ್ನೆ. ನನಗೆ ಅಡುಗೆಮನೆಯ ಗೋಡೆಯ ಮಸಿಗೀಟುಗಳು ಕಣ್ಣಮುಂದೆ ಬಂದವು.

ಮರುದಿನ ನಾನು ಆಸ್ಪತ್ರೆಗೆ ಹೋದೆ. ಆ ಹುಡುಗಿ ಐಪ್ಯಾಡು ತಂದು ನನ್ನ ಮುಂದಿಟ್ಟು, "ಮೇಡಂ, ನಾನು ಸರಿಯಾಗೇ ನೋಡಿದ್ದೆ" ಎಂದಳು. ಅಷ್ಟೇ. ನಾನು ಒಂದು ಗಂಟೆ ಅವಳ ಪಕ್ಕದಲ್ಲಿ ನಿಂತು ಅವಳು ಕೆಲಸ ಮಾಡುವುದನ್ನು ನೋಡಿದೆ. ಆಗ ತಿಳಿಯಿತು. ನಮ್ಮ ಕಚೇರಿಯಲ್ಲಿ ಪರೀಕ್ಷೆ ಮಾಡುವ ಹುಡುಗರು ಪ್ರತಿ ಸಲ ಆ ಪುಟವನ್ನು ಹೊಸದಾಗಿ ತೆರೆದು ನೋಡುತ್ತಿದ್ದರು. ಹೊಸದಾಗಿ ತೆರೆದಾಗ ಅದು ಸರಿಯಾದ ಮಾಹಿತಿಯನ್ನೇ ತೋರಿಸುತ್ತಿತ್ತು. ಆದರೆ ನರ್ಸು ಬೆಳಗಿನಿಂದ ಸಂಜೆಯವರೆಗೆ ಒಂದೇ ಪುಟವನ್ನು ತೆರೆದಿಟ್ಟುಕೊಂಡಿರುತ್ತಾಳೆ. ಹನ್ನೆರಡು ರೋಗಿಗಳನ್ನು ನೋಡಿಕೊಳ್ಳುವವಳಿಗೆ ಪುಟ ಮುಚ್ಚಿ ತೆರೆಯುತ್ತ ಕೂರಲು ಪುರುಸೊತ್ತು ಎಲ್ಲಿದೆ? ತೆರೆದೇ ಇದ್ದ ಆ ಪುಟಕ್ಕೆ, ಒಳಗೆ ಮಾಹಿತಿ ಬದಲಾಗಿದೆ ಎಂದು ಯಾರೂ ಹೇಳಿರಲಿಲ್ಲ.

ಹೇಳಬೇಕಾಗಿದ್ದ ಸಾಲು ಬರೆಯಬೇಕಾಗಿದ್ದವಳು ನಾನು.

ಏನಾಗಿತ್ತೆಂದು ಬಿಡಿಸಿ ಹೇಳುತ್ತೇನೆ. ಮದುವೆಮನೆಯ ಊಟವನ್ನು ನೆನೆಸಿಕೊಳ್ಳಿ. ಒಳಗೆ ನಾಲ್ಕಾರು ಒಲೆಗಳ ಮೇಲೆ ಏಕಕಾಲಕ್ಕೆ ಅಡುಗೆ ನಡೆದಿರುತ್ತದೆ. ಹೊರಗೆ ಪಂಕ್ತಿಯಲ್ಲಿ ಜನ ಕುಳಿತಿರುತ್ತಾರೆ. ಫೋನಿನೊಳಗೂ ಹೀಗೆಯೇ. ಒಬ್ಬ ದೂರದ ಸರ್ವರಿನಿಂದ ಸುದ್ದಿ ತರುತ್ತಿರುತ್ತಾನೆ, ಒಬ್ಬ ಅದನ್ನು ಜೋಡಿಸುತ್ತಿರುತ್ತಾನೆ, ಒಬ್ಬ ಬರೆದಿಡುತ್ತಿರುತ್ತಾನೆ. ಆದರೆ ಪಂಕ್ತಿಗೆ ಬಡಿಸಲು, ಅಂದರೆ ಪರದೆಯ ಮೇಲೆ ಬರೆಯಲು, ಒಬ್ಬನಿಗೆ ಮಾತ್ರ ಅಧಿಕಾರ. ಅವನನ್ನು ಮೇನ್ ಥ್ರೆಡ್ ಎನ್ನುತ್ತಾರೆ. ಅಡುಗೆಯವರು ತಮ್ಮ ತಮ್ಮ ಸೌಟು ಹಿಡಿದುಕೊಂಡು ಪಂಕ್ತಿಗೆ ನುಗ್ಗುವಂತಿಲ್ಲ. ನುಗ್ಗಿದರೆ ಪಾಯಸದ ಮೇಲೆ ಸಾರು ಬೀಳುತ್ತದೆ. ಹಾಗೆಂದು ಬಡಿಸುವವನನ್ನೇ ಅಡುಗೆಗೂ ಕೂರಿಸುವಂತಿಲ್ಲ. ಕೂರಿಸಿದರೆ ಪಂಕ್ತಿ ಖಾಲಿ ಎಲೆ ನೋಡುತ್ತ ಕೂರಬೇಕು. ಫೋನು ಕೆಲವೊಮ್ಮೆ ಕಲ್ಲಿನಂತೆ ನಿಂತುಬಿಡುತ್ತದಲ್ಲ, ಬೆರಳಿನಿಂದ ಎಷ್ಟು ಒತ್ತಿದರೂ ಅಲುಗದೆ? ಎಷ್ಟೋ ಸಲ ಅದಕ್ಕೆ ಕಾರಣ ಇದೇ.

ನಾನು ಔಷಧಗಳ ಪಟ್ಟಿಯನ್ನು ಪರದೆಗೆ ಒಪ್ಪಿಸಿ, ಪಟ್ಟಿ ಬದಲಾದರೆ ತಿಳಿಸು ಎಂದು ಬರೆದಿದ್ದೆ. ಅದಕ್ಕೆ ಪಬ್ಲಿಶ್ಡ್ ಎಂಬ ಗುರುತು ಹಾಕುತ್ತಾರೆ. 2019ರಲ್ಲಿ ಬಂದ ಏರ್ಪಾಡು ಅದು. ಆದರೆ ಪಟ್ಟಿಯಲ್ಲಿದ್ದ ಒಂದೊಂದು ಔಷಧವೂ ಕ್ಲಾಸ್ ಎಂಬ ಜಾತಿಯದು. ಅಂದರೆ ಪಟ್ಟಿಯಲ್ಲಿ ಇದ್ದದ್ದು ಡಬ್ಬಿಯಲ್ಲ, ಡಬ್ಬಿ ಎಲ್ಲಿದೆಯೆಂಬ ವಿಳಾಸ. ಹಿಂದಿನಿಂದ ಸುದ್ದಿ ತರುವವನು ಡಬ್ಬಿಯೊಳಗೆ ಕೈಹಾಕಿ "ಕೊಟ್ಟಿಲ್ಲ" ಎನ್ನುವುದನ್ನು "ಕೊಟ್ಟಾಯಿತು" ಎಂದು ಬದಲಿಸಿದ. ವಿಳಾಸ ಬದಲಾಗಲಿಲ್ಲ. ವಿಳಾಸ ಬದಲಾಗದೇ ಇದ್ದುದರಿಂದ ಪಟ್ಟಿ ಬದಲಾಗಲಿಲ್ಲ. ಪಟ್ಟಿ ಬದಲಾಗದೇ ಇದ್ದುದರಿಂದ ಪರದೆಗೆ ಸುದ್ದಿ ಹೋಗಲಿಲ್ಲ. ತೋಟ ಮಾರಿಹೋಗಿತ್ತು, ಅಡುಗೆಮನೆಯ ಗೋಡೆಯ ಮೇಲೆ ಗೀಟುಗಳು ಹಾಗೆಯೇ ಇದ್ದವು.

ನನಗೆ ನಿಜವಾಗಿ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಸ್ವಿಫ್ಟ್ ಭಾಷೆಯ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಓದಿ ಯಂತ್ರಕ್ಕೆ ಅರ್ಥವಾಗುವಂತೆ ಮಾಡುವ ಪ್ರೋಗ್ರಾಂ, ನನಗೆ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಈ ವಸ್ತುವನ್ನು ಎರಡು ಕಡೆಯಿಂದ ಮುಟ್ಟುತ್ತಿದ್ದೀಯೆ, ಇದು ಕ್ಷೇಮವೆಂದು ನಾನು ಖಾತರಿ ಕೊಡಲಾರೆ ಎಂದು ಅದರ ತಾತ್ಪರ್ಯ. ಅದನ್ನು ಬಾಯಿ ಮುಚ್ಚಿಸಲು ಒಂದು ಉಪಾಯವಿದೆ. "ಅನ್‌ಚೆಕ್ಡ್ ಸೆಂಡಬಲ್" ಎಂದು ಎರಡು ಪದ ಬರೆದರೆ ಆಯಿತು. ನೀನು ಪರೀಕ್ಷಿಸಬೇಡ, ಕ್ಷೇಮದ ಹೊಣೆ ನನ್ನದು ಎಂದು ಅದರ ಅರ್ಥ. ನಿಜವಾಗಿ ಬೀಗ ಹಾಕಿ ಕಾಪಾಡಿದವರು ಅದನ್ನು ಬರೆಯಬಹುದು. ನಾನು ಯಾವ ಬೀಗವನ್ನೂ ಹಾಕಿರಲಿಲ್ಲ. ಶುಕ್ರವಾರ ಸಂಜೆ ಒಪ್ಪಿಸಬೇಕಾಗಿತ್ತು, "ಅದನ್ನು ಹಾಕಿ ಮುಗಿಸಿ ಮೇಡಂ" ಎಂದರು, ಹಾಕಿದೆ. ತೋರಿಸಿದ ಕಡೆ ಓದದೆ ಸಹಿ ಹಾಕುವ ಹೆಂಗಸರನ್ನು ಕಂಡು ಮರುಗುತ್ತಿದ್ದವಳು ನಾನು. ನಾನು ಹಾಕಿದ್ದು ಬೇರೇನು?

ಆ ಎಚ್ಚರಿಕೆಗೆ ಅಂದು ಕಿವಿಗೊಟ್ಟಿದ್ದರೆ, ಡಬ್ಬಿಯನ್ನು ಇಬ್ಬರ ಕೈಗೆ ಕೊಡುವುದನ್ನು ಬಿಟ್ಟು ಪ್ರತಿಯೊಂದನ್ನೂ ಸ್ಟ್ರಕ್ಟ್ ಆಗಿ, ಅಂದರೆ ವಿಳಾಸವಲ್ಲದ ಸ್ವಂತ ಪ್ರತಿಯಾಗಿ ಮಾಡಬೇಕಾಗುತ್ತಿತ್ತು. ಆಗ ಒಂದು ಔಷಧ ಬದಲಾದರೂ ಪಟ್ಟಿಯೇ ಬದಲಾದಂತೆ. ಪರದೆಗೆ ಸುದ್ದಿ ತಾನಾಗಿ ಹೋಗುತ್ತಿತ್ತು. ಎಚ್ಚರಿಕೆ ಹೇಳಿದ್ದು ಒಂದು ಅಪಾಯದ ಬಗ್ಗೆ, ತಪ್ಪುತ್ತಿದ್ದುದು ಎರಡು.

ಈ ಕಂಪೈಲರ್ ಬಗ್ಗೆ ನಮ್ಮ ವೃತ್ತಿಯ ಗಂಡಸರು ಆಡುವ ಮಾತನ್ನು ನೀವು ಕೇಳಬೇಕು. 2024ರ ಸೆಪ್ಟೆಂಬರಿನಲ್ಲಿ ಸ್ವಿಫ್ಟ್ 6 ಬಂತು. ಅದರ ಹೊಸ ಪದ್ಧತಿಯನ್ನು ಆರಿಸಿಕೊಂಡರೆ, ಇಬ್ಬರು ಒಂದೇ ಮಾಹಿತಿಯನ್ನು ಒಟ್ಟಿಗೆ ಮುಟ್ಟುವ ಸಂಭವವಿದ್ದಲ್ಲಿ ಅದು ಬರಿಯ ಎಚ್ಚರಿಕೆ ಕೊಡುವುದಿಲ್ಲ, ಮುಂದೆ ಹೋಗಲು ಬಿಡುವುದೇ ಇಲ್ಲ. ಆಗ ಎದ್ದ ಗೊಣಗಾಟ! "ಹೆಂಡತಿ ಥರ ಪ್ರತಿಯೊಂದಕ್ಕೂ ಕಿರಿಕಿರಿ" ಎಂದ ಒಬ್ಬ ಹುಡುಗ. ಅವನಿಗೆ ಇನ್ನೂ ಮದುವೆಯಾಗಿಲ್ಲ. ನಾನು ಕೇಳಿದೆ: ಗ್ಯಾಸ್ ಆರಿಸಿದಿರಾ, ಬಾಗಿಲು ಹಾಕಿದಿರಾ, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುವವಳು ಕಿರಿಕಿರಿ ಮಾಡುತ್ತಿದ್ದಾಳೋ, ಮನೆ ಕಾಯುತ್ತಿದ್ದಾಳೋ? ಅವನು ನಕ್ಕ. ನಾನು ನಗಲಿಲ್ಲ.

ಅವರ ವಾದದಲ್ಲಿ ಸತ್ಯವೇ ಇಲ್ಲವೆನ್ನಲಾರೆ. ಚಿಕ್ಕ ಪ್ರೋಗ್ರಾಂ ಬರೆಯುವವನಿಗೂ ಆ ನಿಯಮಗಳೆಲ್ಲ ಒಟ್ಟಿಗೆ ಎದುರಾಗಿ ತಲೆ ಕೆಡುತ್ತಿತ್ತು. ಅದನ್ನು ಭಾಷೆಯವರೂ ಒಪ್ಪಿಕೊಂಡರು. 2025ರ ಸೆಪ್ಟೆಂಬರಿನಲ್ಲಿ ಬಂದ ಸ್ವಿಫ್ಟ್ 6.2ರಲ್ಲಿ, ಬೇರೆ ಹೇಳದ ಹೊರತು ಎಲ್ಲ ಕೆಲಸವೂ ಮೇನ್ ಆ್ಯಕ್ಟರಿನದೇ, ಅಂದರೆ ಬಡಿಸುವವನದೇ, ಎಂದು ಇಟ್ಟುಕೊಳ್ಳುವ ಅನುಕೂಲ ಕೊಟ್ಟರು. ಭಾರವಾದ ಕೆಲಸವನ್ನು ಮಾತ್ರ ಬೇಕೆಂದೇ ಒಳಗೆ ಕಳಿಸಬೇಕು. ಇದು ನನಗೆ ಒಪ್ಪಿಗೆ. ನಿಯಮವನ್ನು ಸುಲಭ ಮಾಡಿ ಎಂದು ಕೇಳುವುದು ನ್ಯಾಯ. ನಿಯಮವೇ ಬೇಡ, ತಪ್ಪಾದರೆ ನರ್ಸನ್ನು ಕೇಳಿ ಎನ್ನುವುದು ನ್ಯಾಯವಲ್ಲ.

"ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ಮಾತೇ" ಎನ್ನುವವರಿಗೆ ಒಂದು ನಿಜ ಸಂಗತಿ ಹೇಳುತ್ತೇನೆ. ಥೆರಾಕ್-25 ಎಂಬುದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ. ಕೆನಡಾದಲ್ಲಿ ತಯಾರಾದದ್ದು. 1985ರಿಂದ 1987ರ ಜನವರಿಯವರೆಗೆ ಅಮೆರಿಕ, ಕೆನಡಾಗಳಲ್ಲಿ ಅದರಿಂದ ಆರು ಮಂದಿಗೆ ಮಿತಿಮೀರಿದ ವಿಕಿರಣ ಬಿತ್ತು. 1986ರ ಮಾರ್ಚಿನಲ್ಲಿ ಟೆಕ್ಸಾಸಿನ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ ಯಂತ್ರ ನಡೆಸುತ್ತಿದ್ದವಳು ಒಬ್ಬ ಹೆಂಗಸು. ಅನುಭವಸ್ಥೆ, ಕೈ ಚುರುಕು. ಎಲೆಕ್ಟ್ರಾನ್ ಎನ್ನುವುದಕ್ಕೆ 'ಇ' ಒತ್ತಬೇಕಾದಲ್ಲಿ ಅಭ್ಯಾಸಬಲದಿಂದ ಎಕ್ಸ್‌ರೇಯ 'ಎಕ್ಸ್' ಒತ್ತಿದಳು. ಕೂಡಲೇ ತಿಳಿದು, ಮೇಲಕ್ಕೆ ಹೋಗಿ ತಿದ್ದಿದಳು. ಪರದೆ ಅವಳ ತಿದ್ದುಪಡಿಯನ್ನು ಒಪ್ಪಿಕೊಂಡಿತು. ಎಲ್ಲ ಸರಿಯಾಗಿದೆ ಎಂದೂ ತೋರಿಸಿತು. ಆದರೆ ಒಳಗೆ ಇನ್ನೊಂದು ಕಾರ್ಯ, ಯಂತ್ರದ ಕಾಂತಗಳನ್ನು ಹೊಂದಿಸುತ್ತ ಸುಮಾರು ಎಂಟು ಸೆಕೆಂಡು ಮಗ್ನವಾಗಿತ್ತು. ಆ ಎಂಟು ಸೆಕೆಂಡಿನೊಳಗೆ ಆದ ತಿದ್ದುಪಡಿ ಅದಕ್ಕೆ ತಿಳಿಯಲೇ ಇಲ್ಲ. ಪರದೆಯ ಮೇಲೊಂದು, ಯಂತ್ರದೊಳಗೊಂದು. ಮುಂದಿನ ತಿಂಗಳು ಅದೇ ಆಸ್ಪತ್ರೆಯಲ್ಲಿ ಇನ್ನೊಮ್ಮೆ ಹಾಗೆಯೇ ಆಯಿತು. ಆ ಇಬ್ಬರು ರೋಗಿಗಳೂ ಅದೇ ವರ್ಷ ತೀರಿಕೊಂಡರು.

ಅಷ್ಟು ವಿಕಿರಣ ಬೀಳುವುದು ಸಾಧ್ಯವೇ ಇಲ್ಲ ಎಂದು ತಯಾರಕರು ಮೊದಲು ಹೇಳಿದರು. ಕಾರಣ ಕಂಡುಹಿಡಿದದ್ದು ಆ ಆಸ್ಪತ್ರೆಯ ಭೌತವಿಜ್ಞಾನಿ ಫ್ರಿಟ್ಸ್ ಹೇಗರ್ ಮತ್ತು ಯಂತ್ರ ನಡೆಸುತ್ತಿದ್ದ ಅದೇ ಹೆಂಗಸು. ಇಬ್ಬರೂ ಕುಳಿತು ಮತ್ತೆ ಮತ್ತೆ ಒತ್ತಿ ನೋಡಿದರು. ನಿಧಾನವಾಗಿ ಒತ್ತಿದರೆ ಏನೂ ಆಗುವುದಿಲ್ಲ. ಅನುಭವವಿರುವವರ ಹಾಗೆ ಬೇಗ ಬೇಗ ಒತ್ತಿದರೆ ಮಾತ್ರ ತಪ್ಪು ಮರುಕಳಿಸುತ್ತದೆ. ಪರದೆಗೂ ಒಳಗಿನ ಕಾರ್ಯಕ್ಕೂ ಸುದ್ದಿ ಹೊಂದದೆ ಹೋದರೆ, ಕೆಲಸ ಚೆನ್ನಾಗಿ ಬಲ್ಲವಳೇ ಮೊದಲು ಸಿಕ್ಕಿಬೀಳುತ್ತಾಳೆ. ನಮ್ಮ ನರ್ಸಿನ ಪಾಡೂ ಅದೇ ಅಲ್ಲವೇ? ಪುಟ ಮುಚ್ಚದೆ ಬಿಡುವಿಲ್ಲದೆ ದುಡಿಯುತ್ತಿದ್ದವಳಿಗೆ ಹಳೆಯ ಸುದ್ದಿ ಸಿಕ್ಕಿತು.

"ಬಳಸುವವರು ಹಾಗೆ ಮಾಡುವುದಿಲ್ಲ" ಎಂಬ ಮಾತಿಗೂ ಹಳೆಯ ಇತಿಹಾಸವಿದೆ. ಚಂದ್ರಯಾನದ ಅಪೊಲೊ ನೌಕೆಗಳ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ತಮ್ಮ ಪುಟ್ಟ ಮಗಳನ್ನು ಪ್ರಯೋಗಾಲಯಕ್ಕೆ ಕರೆದೊಯ್ಯುತ್ತಿದ್ದರು. ಆ ಮಗು ಕೀಲಿಗಳನ್ನು ಒತ್ತಿ ಆಡುತ್ತ, ಹಾರಾಟದ ನಡುವೆ ಹೊರಡುವ ಮುಂಚಿನ ಪ್ರೋಗ್ರಾಂ ಆರಿಸಿ ಎಲ್ಲವನ್ನೂ ಕೆಡವಿತು. ಇದಕ್ಕೆ ರಕ್ಷಣೆ ಬರೆಯುತ್ತೇನೆ ಎಂದು ತಾಯಿ ಕೇಳಿದಾಗ, ಗಗನಯಾತ್ರಿಗಳು ಅಂತಹ ತಪ್ಪು ಮಾಡುವುದಿಲ್ಲ ಎಂದು ಮೇಲಿನವರು ಬಿಡಲಿಲ್ಲ. 1968ರ ಡಿಸೆಂಬರಿನಲ್ಲಿ ಅಪೊಲೊ 8ರ ಜಿಮ್ ಲೊವೆಲ್ ಅದೇ ತಪ್ಪು ಮಾಡಿದರು. ಇದೇ ಹ್ಯಾಮಿಲ್ಟನ್ನರ ತಂಡ ಇನ್ನೊಂದು ಏರ್ಪಾಡನ್ನೂ ಮಾಡಿತ್ತು. ತುರ್ತು ಬಂದಾಗ ಕಂಪ್ಯೂಟರ್ ತಾನಾಗಿಯೇ ಮಾಮೂಲಿ ಪರದೆಯನ್ನು ಸರಿಸಿ ಯಾತ್ರಿಗೆ ಸುದ್ದಿ ಕೊಡಬೇಕು, ಅವನು ಕೇಳುವವರೆಗೆ ಕಾಯಬಾರದು. 1969ರ ಜುಲೈನಲ್ಲಿ ಚಂದ್ರನ ಮೇಲಿಳಿಯುವ ಕೊನೆಯ ನಿಮಿಷಗಳಲ್ಲಿ ಎಚ್ಚರಿಕೆಗಳು ಹಾಗೆಯೇ ತಾವಾಗಿ ಪರದೆಯ ಮೇಲೆ ಬಂದವು. ಕೇಳಿದರೆ ಹೇಳುವುದು ಬೇರೆ, ತಾನಾಗಿ ಬಂದು ಹೇಳುವುದು ಬೇರೆ. ಆ ವ್ಯತ್ಯಾಸ ಆ ತಾಯಿಗೆ ಗೊತ್ತಿತ್ತು.

ಹಾಗಾದರೆ ಹೇಗೆ ಹೇಳಬೇಕು? ಇಲ್ಲಿಯೂ ನಾವು ಒಮ್ಮೆ ಎಡವಿದೆವು. ಆಸ್ಪತ್ರೆಯಿಂದ ಬಂದು ನಾನು ತಪ್ಪನ್ನು ತೋರಿಸಿದ ಮೇಲೆ, ಒಬ್ಬ ಸಹೋದ್ಯೋಗಿ ಒಂದೇ ರಾತ್ರಿಯಲ್ಲಿ ಸರಿಪಡಿಸಿದ. ಹಿಂದೆ ಏನೇ ಬದಲಾದರೂ ಕೂಡಲೇ ಒಂದೊಂದು ಹೊಸ ಟಾಸ್ಕ್, ಅಂದರೆ ಒಬ್ಬೊಬ್ಬ ಹೊಸ ಓಲೆಕಾರ, ಪರದೆಯ ಕಡೆಗೆ ಓಡಬೇಕು. ನೋಡಲು ಚೆನ್ನಾಗಿತ್ತು. ಆದರೆ ಹೀಗೆ ಬೇರೆ ಬೇರೆಯಾಗಿ ಹೊರಟವರು ಹೊರಟ ಕ್ರಮದಲ್ಲೇ ತಲುಪುತ್ತಾರೆಂಬ ಭರವಸೆ ಇಲ್ಲ. "ಕೊಟ್ಟಾಯಿತು" ಎಂಬ ಸುದ್ದಿ, ಅದರ ಹಿಂದೆಯೇ "ತಪ್ಪಾಗಿ ಗುರುತು ಹಾಕಿದ್ದು, ರದ್ದು" ಎಂಬ ಸುದ್ದಿ. ಎರಡನೆಯವನು ಮೊದಲು ತಲುಪಿದರೆ? ಪರದೆಯ ಮೇಲೆ "ಕೊಟ್ಟಾಯಿತು" ಎಂದು ಉಳಿಯುತ್ತದೆ, ರೋಗಿಗೆ ಔಷಧವೇ ಇಲ್ಲ. ಪುಣ್ಯಕ್ಕೆ ಇದು ಪರೀಕ್ಷೆಯಲ್ಲೇ ಸಿಕ್ಕಿತು. ಈ ಸಲ ಪುಟವನ್ನು ಮುಚ್ಚದೆ ಪರೀಕ್ಷೆ ಮಾಡಿದ್ದೆವು.

ಕಡೆಗೆ ನಾವು ಮಾಡಿದ್ದು ಹೀಗೆ. ಸರ್ವರಿನೊಡನೆ ಮಾತಾಡುವ ಕೆಲಸವನ್ನು ಒಂದು ಆ್ಯಕ್ಟರಿಗೆ ಒಪ್ಪಿಸಿದೆವು. 2021ರಿಂದ ಸ್ವಿಫ್ಟಿನಲ್ಲಿರುವ ಈ ಆ್ಯಕ್ಟರ್ ಒಂದು ಕೋಣೆಯಿದ್ದಂತೆ. ಒಳಗಿನ ಸಾಮಾನನ್ನು ಒಂದು ಹೊತ್ತಿಗೆ ಒಬ್ಬರೇ ಮುಟ್ಟಬಹುದು. ಆದರೆ ಅವೇಟ್ ಎಂದು ಬರೆದಲ್ಲೆಲ್ಲ ಒಳಗಿದ್ದವನು ಹೊರಗೆ ಕಾಯಲು ಹೋಗುತ್ತಾನೆ, ಆಗ ಇನ್ನೊಬ್ಬ ಒಳಗೆ ಬರಬಹುದು. ಹಿಂತಿರುಗಿ ಬಂದವನು, ಬಿಟ್ಟುಹೋದದ್ದು ಬಿಟ್ಟಲ್ಲೇ ಇದೆಯೆಂದು ನಂಬದೆ ಮತ್ತೊಮ್ಮೆ ನೋಡಬೇಕು. ಆ ಕೋಣೆಯಿಂದ ಪರದೆಯ ಕಡೆಗೆ ಒಂದೇ ಕಾಲುವೆ. ಅದನ್ನು ಅಸಿಂಕ್ ಸ್ಟ್ರೀಮ್ ಎನ್ನುತ್ತಾರೆ. ಸುದ್ದಿಗಳು ಹಾಕಿದ ಕ್ರಮದಲ್ಲಿ ಒಂದರ ಹಿಂದೊಂದು ಬರುತ್ತವೆ. ಬರುವುದು ಒಲೆಯ ಮೇಲಿನ ಪಾತ್ರೆಯಲ್ಲ, ಬೇರೆ ತುಂಬಿಕೊಟ್ಟ ಪಾತ್ರೆ. ಈಚೆ ಬದಿಯಲ್ಲಿ ಮೇನ್ ಆ್ಯಕ್ಟರಿನವನು ಒಂದೊಂದನ್ನೇ ತೆಗೆದುಕೊಂಡು ಬಡಿಸುತ್ತಾನೆ. ಕಾಲುವೆ ತುಂಬಿದರೆ ಹಳೆಯದನ್ನು ಬಿಟ್ಟು ಹೊಸದನ್ನಷ್ಟೇ ಇಟ್ಟುಕೋ ಎಂದು ಹೇಳುವ ಸೌಲಭ್ಯವೂ ಉಂಟು. ಜ್ವರದ ಅಂಕಿಯನ್ನು ತೋರಿಸುವಲ್ಲಿ ಅದು ಸರಿ. ಔಷಧದ ವಿಷಯದಲ್ಲಿ ಒಂದು ಸುದ್ದಿಯನ್ನೂ ಬಿಡುವಂತಿಲ್ಲ. ಆದ್ದರಿಂದ ಅಲ್ಲಿ ಬಿಡಲಿಲ್ಲ.

ಮುಂದೆ ಆ ಪಟ್ಟಿಯನ್ನು 2023ರಲ್ಲಿ ಬಂದ ಅಬ್ಸರ್ವಬಲ್ ಎಂಬ ಏರ್ಪಾಡಿಗೆ ಬದಲಿಸಿದೆವು. ಪರದೆಯ ಯಾವ ಭಾಗ ಯಾವ ಮಾಹಿತಿಯನ್ನು ಓದಿದೆ ಎಂದು ಅದು ನೆನಪಿಟ್ಟುಕೊಂಡು, ಅದು ಬದಲಾದಾಗ ಆ ಭಾಗಕ್ಕೇ ತಿಳಿಸುತ್ತದೆ. ಆದರೆ ಅಬ್ಸರ್ವಬಲ್ ಎಂದು ಬರೆದ ಮಾತ್ರಕ್ಕೆ ಹಲವು ಕೈಗಳ ಎಳೆದಾಟದಿಂದ ಮಾಹಿತಿಗೆ ರಕ್ಷಣೆ ಸಿಗುವುದಿಲ್ಲ. ಅದಕ್ಕೆ ಮೇನ್ ಆ್ಯಕ್ಟರಿನ ಗುರುತು ಬೇರೆಯೇ ಬೇಕು. ಸುದ್ದಿ ಹೇಳುವುದು ಒಂದು, ಸುದ್ದಿ ಕೆಡದಂತೆ ಕಾಯುವುದು ಇನ್ನೊಂದು. ಎರಡೂ ಮಾಡಬೇಕು.

ಕೊನೆಯದಾಗಿ, ನನ್ನ ಹಟಕ್ಕೆ ಪುಟದ ಮೇಲ್ಭಾಗದಲ್ಲಿ ಒಂದು ಸಾಲು ಸೇರಿತು: ಸರ್ವರಿನಿಂದ ಕೊನೆಯ ಸುದ್ದಿ ಬಂದ ಸಮಯ. ವೈಫೈ ಹೋದರೆ ಆ ಸಾಲು ಕೆಂಪಾಗುತ್ತದೆ. "ಇದರಿಂದ ಗಿರಾಕಿಗಳಿಗೆ ನಮ್ಮ ಪ್ರೋಗ್ರಾಂ ಮೇಲೆ ಅಪನಂಬಿಕೆ ಬರುತ್ತದೆ" ಎಂದರು ನಮ್ಮ ಹಿರಿಯರು. ನನಗೆ ತಿಳಿಯದು ಎಂದು ಒಪ್ಪಿಕೊಳ್ಳುವ ಪರದೆಯನ್ನು ನಂಬಬಹುದು ಸಾರ್. ಎಲ್ಲ ತಿಳಿದಂತೆ ನಟಿಸುವುದನ್ನು ನಂಬಿದ್ದಕ್ಕೇ ಆ ಹುಡುಗಿಗೆ ಮೆಮೊ ಬಂದದ್ದು ಎಂದೆ.

ಇದಕ್ಕೆಲ್ಲ ಖರ್ಚಾಗುವುದಿಲ್ಲವೇ? ಆಗುತ್ತದೆ. ನಮಗೆ ಐದು ವಾರ ಹಿಡಿಯಿತು. ಬಳಸುವವರು ಪುಟವನ್ನು ಆಗಾಗ ಕೆಳಗೆಳೆದು ಹೊಸದು ಮಾಡಿಕೊಳ್ಳಲಿ, ಐದು ವಾರ ಉಳಿಯುತ್ತದೆ ಎಂದವರೂ ಇದ್ದರು. ಆ ಐದು ವಾರ ಎಲ್ಲಿಗೂ ಹೋಗುವುದಿಲ್ಲ. ಅದು ನರ್ಸುಗಳ ತಲೆಯ ಮೇಲೆ ದಿನಕ್ಕೆ ಇಷ್ಟಿಷ್ಟಾಗಿ ಬೀಳುತ್ತದೆ. ಮನೆಯಲ್ಲೂ ಹೀಗೆಯೇ ಅಲ್ಲವೇ? ಹೇಳುವವರ ಒಂದು ಮಾತು ಉಳಿಯುತ್ತದೆ, ಕೇಳುತ್ತ ತಿರುಗುವವಳ ದಿನವೆಲ್ಲ ಹೋಗುತ್ತದೆ. ಮಾಹಿತಿಯನ್ನು ಬದಲಿಸಿದವನೇ ಅದನ್ನು ನಂಬಿ ಕುಳಿತವರಿಗೆ ತಿಳಿಸಬೇಕು. ಇದು ಹೊಸ ಮಾತೂ ಅಲ್ಲ. 1979ರ ಸುಮಾರಿಗೇ ಟ್ರಿಗ್ವೆ ರೀನ್‌ಸ್ಕಾಗ್ ಎಂಬ ನಾರ್ವೆಯ ವಿಜ್ಞಾನಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಮಾಹಿತಿ ಬೇರೆ, ಅದರ ನೋಟ ಬೇರೆ ಎಂದು ವಿಂಗಡಿಸಿ ತೋರಿಸಿದರು. ಬೇರೆ ಮಾಡಿದ ಮೇಲೆ ಎರಡನ್ನೂ ಹೊಂದಿಸಿಕೊಂಡು ಹೋಗುವ ಹೊಣೆ ಬಂದೇ ಬಂತು. ನಾಲ್ಕು ದಶಕ ಕಳೆದರೂ "ರಿಫ್ರೆಶ್ ಮಾಡಿ" ಎಂಬ ಉತ್ತರ ಕೊಡುವುದಾದರೆ ನಾವು ಕಲಿತದ್ದೇನು?

ನಿಮಗೂ ಒಂದು ಮಾತು ಹೇಳಬೇಕು. ಬ್ಯಾಂಕಿನ ಆ್ಯಪಿನಲ್ಲಿ ಹಣ ಹೋದದ್ದು ಕಾಣದೆ ಎರಡು ಸಲ ಕಳಿಸಿದಾಗ, ಸಿಲಿಂಡರ್ ಬುಕ್ ಆಯಿತೋ ಇಲ್ಲವೋ ತಿಳಿಯದೆ ಮತ್ತೊಮ್ಮೆ ಒತ್ತಿದಾಗ, "ನನಗೆ ಈ ಫೋನೆಲ್ಲ ಅರ್ಥವಾಗುವುದಿಲ್ಲ" ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ನೀವು ಸರಿಯಾಗಿಯೇ ನೋಡಿರುತ್ತೀರಿ. ಮಗನ ಕೈಗೆ ಫೋನು ಕೊಟ್ಟು ಸುಮ್ಮನಾಗುವ ಬದಲು, ಏನು ಕಂಡಿತು, ಎಷ್ಟು ಹೊತ್ತಿಗೆ ಕಂಡಿತು ಎಂದು ಬರೆದು ದೂರು ಕೊಡಿ. ಆ ದೂರು ಎಲ್ಲೋ ನನ್ನಂತಹ ಒಬ್ಬಳ ಮೇಜಿಗೆ ಬರುತ್ತದೆ.

ತಪ್ಪು ನಮ್ಮ ಪ್ರೋಗ್ರಾಮಿನದು, ನರ್ಸಿನದಲ್ಲ ಎಂದು ನಾನು ಆಸ್ಪತ್ರೆಗೆ ಒಂದು ಪತ್ರ ಬರೆದೆ. ನಮ್ಮ ಕಚೇರಿಯವರು ಅದನ್ನು ಕಳಿಸಲು ಒಪ್ಪಲಿಲ್ಲ. ನಾನು ಹತ್ತು ದಿನ ಹಿಂದೆ ಬಿದ್ದ ಮೇಲೆ, "ತಾಂತ್ರಿಕ ಕಾರಣದಿಂದ" ಎಂಬ ಮೆತ್ತನೆಯ ಮಾತು ಸೇರಿಸಿ ಕಳಿಸಿದರು. ಹೊಸ ಪ್ರೋಗ್ರಾಂ ಹಾಕಲು ಹೋದ ದಿನ ಆ ಹುಡುಗಿ ಸಿಕ್ಕಳು. ಪುಟದ ಮೇಲಿನ ಸಮಯದ ಸಾಲು ನೋಡಿ, "ಇದು ಚೆನ್ನಾಗಿದೆ ಮೇಡಂ" ಎಂದಳು. ಮೆಮೊ ಏನಾಯಿತು ಎಂದು ಕೇಳಿದೆ.

"ವಾಪಸ್ ತಗೊಂಡ್ರಂತೆ ಮೇಡಂ" ಎಂದಳು. "ನನಗೆ ಯಾರೂ ಹೇಳ್ಲಿಲ್ಲ. ಮೊನ್ನೆ ಆಫೀಸಿನ ಕ್ಲರ್ಕ್ ಸಿಕ್ಕಿ, 'ಅಯ್ಯೋ, ನಿಮಗೆ ಗೊತ್ತಿರಲಿಲ್ವಾ?' ಅಂದ್ರು."